ನಾಟಕ ವಿಮರ್ಶೆ: ಕಂಡದ್ದನ್ನು ಮೊದಲು ಬರೆಯಿರಿ

ನವೆಂಬರ್ ತಿಂಗಳ ಆರಂಭದಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕೋತ್ಸವ ಮುಗಿಯುತ್ತಿದ್ದಂತೆ ಪತ್ರಿಕೆಗಳಿಗೆ ವಿಮರ್ಶೆಗಳು ಬರತೊಡಗುತ್ತವೆ. ಅವುಗಳಲ್ಲಿ ಹೆಚ್ಚಿನವು ಮುಕ್ಕಾಲು ಭಾಗ ಕಥೆಯನ್ನೇ ಹೇಳಿ, ಕೊನೆಗೆ ‘ಅಭಿನಯ ಮನೋಜ್ಞವಾಗಿತ್ತು, ಬೆಳಕು ಪೂರಕವಾಗಿತ್ತು’ ಎಂದು ಮುಗಿಸುತ್ತವೆ. ನಾಟಕ ನೋಡದವರೂ ಬರೆಯಬಹುದಾದ ಈ ಮಾತುಗಳಿಂದ ಓದುಗರಿಗೂ ಪ್ರಯೋಜನವಿಲ್ಲ, ತಿಂಗಳುಗಟ್ಟಲೆ ತಾಲೀಮು ನಡೆಸಿದ ತಂಡಕ್ಕೂ ಪ್ರಯೋಜನವಿಲ್ಲ. ಹೊಸದಾಗಿ ಬರೆಯಲು ಹೊರಟವರು ಕೆಳಗಿನ ಕ್ರಮವನ್ನು ಅನುಸರಿಸಿ ನೋಡಬಹುದು.

ನಾಟಕ ಆರಂಭವಾಗುವ ಅರ್ಧ ಗಂಟೆ ಮೊದಲೇ ಹೋಗಿ ಕರಪತ್ರವನ್ನು ಪಡೆದುಕೊಳ್ಳಿ. ರಚನೆ, ನಿರ್ದೇಶನ, ಸಂಗೀತ, ಬೆಳಕು ಯಾರದೆಂಬುದನ್ನು ಅಲ್ಲಿಯೇ ಖಚಿತಪಡಿಸಿಕೊಳ್ಳಿ. ಅತಿಥಿಗಳ ಮುಂದಿನ ಸಾಲನ್ನು ಬಿಟ್ಟು ನಡುವಿನ ಸಾಲಿನಲ್ಲಿ ಕುಳಿತರೆ ಮಾತು ಎಷ್ಟು ದೂರ ಮುಟ್ಟುತ್ತಿದೆ ಎಂಬುದು ತಿಳಿಯುತ್ತದೆ.

ಕೈಯಲ್ಲಿ ಸಣ್ಣ ಪುಸ್ತಕವೊಂದಿರಲಿ. ಆದರೆ ಅದರಲ್ಲಿ ಅಭಿಪ್ರಾಯಗಳನ್ನು ಬರೆಯಬೇಡಿ, ರಂಗದ ಮೇಲೆ ನಡೆದದ್ದನ್ನು ಬರೆಯಿರಿ. ಉದಾಹರಣೆಗೆ, ಮಗ ತೀರಿಕೊಂಡ ಸುದ್ದಿ ಬಂದಾಗ ತಾಯಿಯ ಪಾತ್ರಧಾರಿ ಅಳುವುದಿಲ್ಲ, ಮೊರದಲ್ಲಿ ಅಕ್ಕಿ ಹಸನು ಮಾಡುತ್ತಲೇ ಇರುತ್ತಾಳೆ. ಆದರೆ ಅಲ್ಲಿಯವರೆಗೆ ಕಲ್ಲನ್ನು ಆರಿಸಿ ಎಸೆಯುತ್ತಿದ್ದ ಕೈ ಈಗ ಅಕ್ಕಿಯನ್ನೇ ಆರಿಸಿ ಎಸೆಯುತ್ತಿದೆ ಎಂದುಕೊಳ್ಳಿ. ಇಷ್ಟನ್ನು ಬರೆದುಕೊಂಡರೆ ‘ಮನೋಜ್ಞ’ ಎಂಬ ಪದವೇ ಬೇಕಾಗುವುದಿಲ್ಲ. ಮನೆಗೆ ಬಂದ ಮೇಲೆ ಅದೇ ಟಿಪ್ಪಣಿಯ ಮುಂದೆ ಒಂದು ಪ್ರಶ್ನೆಯನ್ನು ಹಾಕಿಕೊಳ್ಳಬೇಕು: ಇದು ನಾಟಕಕಾರರು ಬರೆದದ್ದೋ, ನಿರ್ದೇಶಕರು ಸೇರಿಸಿದ್ದೋ, ನಟಿ ತಾನಾಗಿ ಕಂಡುಕೊಂಡದ್ದೋ? ಅಚ್ಚಾದ ಕೃತಿಯಿದ್ದರೆ ಪ್ರದರ್ಶನ ನೋಡಿದ ನಂತರ ಓದಿ ತಾಳೆ ಹಾಕುವುದು ಒಳ್ಳೆಯದು. ಮೊದಲೇ ಓದಿದರೆ ಕಣ್ಣು ರಂಗವನ್ನು ನೋಡುವ ಬದಲು ಪುಟವನ್ನು ಹುಡುಕುತ್ತದೆ ಎಂಬುದು ನನ್ನ ಅನುಭವ.

ಇನ್ನು ಅಳತೆಗೋಲಿನ ವಿಷಯ. ಇಲ್ಲಿಯೇ ಹೆಚ್ಚು ವಿಮರ್ಶೆಗಳು ಎಡವುವುದು. ದಾವಣಗೆರೆ ನಾಟಕ ಕಂಪನಿ ಕಟ್ಟಿ ಬೆಳೆಸಿದ ಚಿಂದೋಡಿ ಮನೆತನದ, ಊರೂರು ತಿರುಗುವ ವೃತ್ತಿ ತಂಡಗಳು ಆಡುವ ಕಂಪನಿ ನಾಟಕಗಳ ಊರು. ಹವ್ಯಾಸಿ ತಂಡಗಳ ನಾಟಕ ನೋಡಿ ಬೆಳೆದವರು ಕಂಪನಿ ನಾಟಕಕ್ಕೆ ಹೋದಾಗ, ಮಾತು ಏರುದನಿಯಲ್ಲಿದೆ, ಹಾಸ್ಯ ಕಥೆಗೆ ಅಂಟಿಕೊಂಡಿಲ್ಲ ಎಂದು ಬರೆದುಬಿಡುತ್ತಾರೆ. ನಾನೂ ಮೊದಲ ವರ್ಷಗಳಲ್ಲಿ ಹಾಗೆಯೇ ಬರೆದಿದ್ದೆ. ಅನಂತರ ಒಂದು ರಾತ್ರಿ ಪರದೆಯ ಹಿಂದೆ ನಿಂತು ನೋಡುವ ಅವಕಾಶ ಸಿಕ್ಕಿತು. ಮುಂದಿನ ಪರದೆಯನ್ನು ಇಳಿಬಿಟ್ಟು ಹಾಸ್ಯದ ಜೋಡಿ ಜನರನ್ನು ನಗಿಸುತ್ತಿದ್ದಾಗ, ಹಿಂದೆ ನಾಲ್ಕೈದು ಮಂದಿ ಸದ್ದಿಲ್ಲದೆ ಗುಡಿಸಲನ್ನು ತೆಗೆದು ದರ್ಬಾರಿನ ಸೀನನ್ನು ಕಟ್ಟುತ್ತಿದ್ದರು. ಕೆಲಸ ಮುಗಿಯುವವರೆಗೆ ಹಾಸ್ಯಗಾರರು ಮಾತನ್ನು ಹಿಗ್ಗಿಸಿದರು, ಸೀನು ಸಿದ್ಧವಾದೊಡನೆ ಹಾಡಿಗೆ ತಂದು ಮುಗಿಸಿದರು. ಆ ಹಾಸ್ಯವನ್ನು ಅಳೆಯಬೇಕಾದದ್ದು ಈ ಹಿಗ್ಗಿಸುವ, ಕುಗ್ಗಿಸುವ ಜಾಣ್ಮೆಯಿಂದ. ಏರುದನಿಯೂ ಹಾಗೆಯೇ, ಮೈಕು ಇಲ್ಲದ ಕಾಲದಲ್ಲಿ ಕೊನೆಯ ಸಾಲಿನವರಿಗೂ ಕೇಳಬೇಕೆಂದು ರೂಢಿಸಿಕೊಂಡ ವಿದ್ಯೆ ಅದು. ಕಂಪನಿ ನಾಟಕದಲ್ಲಿ ದೋಷಗಳಿಲ್ಲವೆಂದಲ್ಲ. ದ್ವಂದ್ವಾರ್ಥದ ಮಾತು ಅತಿಯಾದಾಗ, ಹಾರ್ಮೋನಿಯಂ ಜಾಗದಲ್ಲಿ ಧ್ವನಿಮುದ್ರಿತ ಸಿನಿಮಾ ಹಾಡು ಬಂದಾಗ ಅದನ್ನು ಖಂಡಿತ ಬರೆಯಬೇಕು. ಆದರೆ ಅದು ಆ ಪರಂಪರೆಯೊಳಗಿನ ಸೋಲು ಎಂದು ಬರೆಯಬೇಕು.

ನಾಟಕ ಎಲ್ಲಿ ನಡೆಯಿತು, ಯಾವ ದಿನ ನಡೆಯಿತು ಎಂಬುದನ್ನು ಮರೆಯದೆ ನಮೂದಿಸಿ. 1997ರಲ್ಲಿ ಆರಂಭವಾದ ಸಾಣೇಹಳ್ಳಿಯ ತಿರುಗಾಟದ ರಂಗತಂಡ ಶಿವಸಂಚಾರ ಪ್ರತಿವರ್ಷ ಮೂರು ನಾಟಕಗಳನ್ನು ಸಿದ್ಧಪಡಿಸಿ ನಾಡಿನ ಊರೂರಿಗೆ ಒಯ್ಯುತ್ತದೆ. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಗಾಳಿಗೆ ಚದುರಿದ ಮಾತು ಚಿತ್ರದುರ್ಗದ ತ.ರಾ.ಸು. ರಂಗಮಂದಿರದ ಗೋಡೆಗಳ ನಡುವೆ ಬೇರೆಯಾಗಿಯೇ ಕೇಳುತ್ತದೆ. ಸಾಧ್ಯವಿದ್ದರೆ ಶಿವಸಂಚಾರದ ಆ ವರ್ಷದ ಮೂರೂ ನಾಟಕಗಳನ್ನು ನೋಡಿ ಬರೆಯಿರಿ. ನಿನ್ನೆಯ ಶರಣ ಇಂದಿನ ಸಾಹುಕಾರನಾಗಿ ಬಂದಾಗ ಅದೇ ನಟ ನಡಿಗೆಯನ್ನು ಬದಲಿಸಿದ್ದಾನೆಯೇ, ಬರೀ ಉಡುಪನ್ನು ಬದಲಿಸಿದ್ದಾನೆಯೇ ಎಂಬುದು ಒಂದೇ ನಾಟಕ ನೋಡಿದವರಿಗೆ ಕಾಣುವುದಿಲ್ಲ.

ಬರೆಯುವಾಗ ಕಥೆಗೆ ನಾಲ್ಕು ಸಾಲು ಸಾಕು, ಅಂತ್ಯವನ್ನು ಹೇಳಬಾರದು. ಕೊರತೆಯನ್ನು ಹೇಳುವಾಗ ಆ ದೃಶ್ಯವನ್ನೂ ಹೇಳಿ. ‘ಎರಡನೆಯ ಭಾಗ ಎಳೆದಂತಿತ್ತು’ ಎನ್ನುವ ಬದಲು, ನ್ಯಾಯಪಂಚಾಯಿತಿಯ ದೃಶ್ಯದಲ್ಲಿ ಒಂದೇ ಆರೋಪವನ್ನು ಮೂವರು ಮೂರು ಸಲ ಹೇಳಿದರು ಎಂದರೆ ನಿರ್ದೇಶಕರು ಮುಂದಿನ ಪ್ರದರ್ಶನಕ್ಕೆ ಅದನ್ನು ತಿದ್ದಿಕೊಳ್ಳಬಹುದು. ನಮ್ಮಂಥ ಊರುಗಳಲ್ಲಿ ನಟರು ಪರಿಚಿತರೇ ಆಗಿರುತ್ತಾರೆ. ಹತ್ತಿರದ ನಂಟು ಅಥವಾ ಮನಸ್ತಾಪ ಇದ್ದಲ್ಲಿ ಆ ನಾಟಕವನ್ನು ಬೇರೆಯವರಿಗೆ ಬಿಟ್ಟುಕೊಡುವುದೇ ಸರಿ.

ಕಳುಹಿಸುವ ಮುನ್ನ ಹೆಸರುಗಳನ್ನು ಕರಪತ್ರದೊಂದಿಗೆ ಇನ್ನೊಮ್ಮೆ ಹೋಲಿಸಿ. ಬೆಳಕು ನಿರ್ವಹಿಸಿದವರು, ಪ್ರಸಾಧನ ಮಾಡಿದವರು ಪತ್ರಿಕೆಯಲ್ಲಿ ತಮ್ಮ ಹೆಸರನ್ನು ಕಾಣುವುದು ಅಪರೂಪ. ಅದು ತಪ್ಪಾಗಿ ಅಚ್ಚಾಗಬಾರದು.