ಹೊಂಡದಲ್ಲಿ ನಿಜಕ್ಕೂ ಎಷ್ಟು ಮೀನಿದೆ? ಪಂಗಾಸಿಯಸ್ (ಒಂದು ಬಗೆಯ ಕ್ಯಾಟ್‌ಫಿಶ್) ಸಾಕುವವರಿಗೆ

ಐದು ಸಾವಿರ ಮರಿ ಬಿಟ್ಟೆ, ದಿನಾ ಮೇವು ಹಾಕಿದೆ, ಹಿಡಿಯುವಾಗ ಅರ್ಧವೂ ಇಲ್ಲ. ಹೀಗೆ ಗೋಳಾಡಿದ ಎಷ್ಟೋ ರೈತರನ್ನು ನೋಡಿದ್ದೇನೆ. ಕಳ್ಳರ ಮೇಲೆ ಅನುಮಾನ ಬರುತ್ತದೆ. ಆದರೆ ಬಹಳಷ್ಟು ಮರಿ ಮೊದಲ ವಾರವೇ ಸತ್ತು ಕೆಸರು ಸೇರಿರುತ್ತದೆ.

ಹೊಂಡ ಒಣಗಿಸಿ, ಸುಣ್ಣ ಹಾಕಿ, ನೀರು ತುಂಬಿಸಿ. ಒಳಬರುವ ಪೈಪಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ. ಮರಿಯನ್ನು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ತನ್ನಿ. ಅಗ್ಗಕ್ಕೆ ಸಿಕ್ಕಿತೆಂದು ಆಫ್ರಿಕನ್ ಕ್ಯಾಟ್‌ಫಿಶ್ ಮರಿ ತರಲೇಬೇಡಿ. ನಮ್ಮ ದೇಶದಲ್ಲಿ ಅದರ ಸಾಕಣೆ ನಿಷೇಧ.

ಎಡವುವುದು ಮರಿ ಬಿಡುವಾಗ. ಚೀಲ ಬಿಚ್ಚಿ ಸುಮ್ನೆ ಸುರಿಯುತ್ತಾರೆ. ಚೀಲದ ನೀರಿಗೂ ಹೊಂಡದ ನೀರಿಗೂ ಬಿಸಿ ಒಂದೇ ಇರುವುದಿಲ್ಲ ಅಲ್ವಾ? ಬಿಸಿಲಿಳಿದ ಮೇಲೆ, ಕಟ್ಟಿದ ಚೀಲವನ್ನು ಅರ್ಧ ಗಂಟೆ ನೀರಿನಲ್ಲಿ ತೇಲಬಿಡಿ. ಆಮೇಲೆ ಬಾಯಿ ಬಿಚ್ಚಿ, ಹೊಂಡದ ನೀರನ್ನು ಒಂದೊಂದೇ ಚೊಂಬು ಬೆರೆಸಿ. ಕೊನೆಗೆ ಚೀಲ ವಾಲಿಸಿ, ಮರಿಗಳು ತಾವೇ ಈಜಿ ಹೋಗಲಿ.

ಎಲ್ಲವನ್ನೂ ಬಿಡುವ ಮೊದಲು ಪ್ರತಿ ಚೀಲದಿಂದ ಕೆಲವನ್ನು ಎತ್ತಿ, ಒಟ್ಟು 100 ಮರಿ ಎಣಿಸಿಕೊಳ್ಳಿ. ಚುರುಕಾದವನ್ನೇ ಆರಿಸಿದರೆ ಲೆಕ್ಕ ಕೆಡುತ್ತದೆ. ಹೊಂಡದಲ್ಲೇ ನಾಲ್ಕು ಬಿದಿರು ಗಳ ನೆಟ್ಟು ಹಾಪಾ, ಅಂದರೆ ಬಲೆಯ ತೊಟ್ಟಿ, ಕಟ್ಟಿ ಅದರಲ್ಲಿ ಬಿಡಿ. ತಳ ಕೆಸರಿಗೆ ತಾಗಬಾರದು. ನೀರುಕಾಗೆ ಬಾಯಿ ಹಾಕದಂತೆ ಮೇಲೂ ಬಲೆ ಬೇಕು. ಚಿಟಿಕೆ ಮೇವು ಕೊಡುತ್ತಿರಿ. ಮೂರನೇ ದಿನ ಎಣಿಸಿ. 80 ಉಳಿದಿದ್ದರೆ, ಬಿಟ್ಟ ಐದು ಸಾವಿರದಲ್ಲಿ ಹೊಂಡದಲ್ಲಿರುವುದು ಸುಮಾರು 4000 ಎಂದು ಪುಸ್ತಕದಲ್ಲಿ ಬರೆಯಿರಿ. ಆಮೇಲೆ ಸತ್ತು ತೇಲಿದ್ದನ್ನೆಲ್ಲ ಅದರಿಂದ ಕಳೆಯುತ್ತಾ ಹೋಗಿ.

ಈ ಲೆಕ್ಕ ಯಾಕೆ ಬೇಕು? ಮೀನು ತಲಾ 200 ಗ್ರಾಂ ಆದಾಗ ತೂಕದ 3% ಮೇವು ಹಾಕುತ್ತೀರಿ ಎನ್ನಿ. ನಾಲ್ಕು ಸಾವಿರಕ್ಕೆ ದಿನಕ್ಕೆ 24 ಕೆಜಿ. ಐದು ಸಾವಿರ ಎಂದುಕೊಂಡರೆ 30 ಕೆಜಿ. ಜಾಸ್ತಿಯಾದ ಆ 6 ಕೆಜಿ ತಳದಲ್ಲಿ ಕೊಳೆತು ಅಮೋನಿಯಾ ಏಳುತ್ತದೆ, ಬದುಕಿದ್ದವೂ ಸೊರಗುತ್ತವೆ. ಸತ್ತ ಮೀನಿಗೆ ಹಾಕಿದ ಮೇವು ಬದುಕಿದ ಮೀನನ್ನು ಕೊಲ್ಲುತ್ತದೆ.

ಹದಿನೈದು ದಿನಕ್ಕೊಮ್ಮೆ ಬೀಸುಬಲೆ ಹಾಕಿ, ಸಿಕ್ಕಿದ್ದನ್ನು ತೂಗಿ ಮೇವು ಬದಲಿಸಿ. ಗಂಟಿಲ್ಲದ ನುಣುಪು ಬಲೆಯೇ ಬೇಕು. ಈ ಮೀನಿಗೆ ಹುರುಪೆ ಇಲ್ಲ, ತರಚಿದ ಜಾಗ ಹುಣ್ಣಾಗುತ್ತದೆ. ತೇಲುವ ಮೇವನ್ನೇ ಕೊಳ್ಳಿ, ತಿಂದದ್ದು ಬಿಟ್ಟದ್ದು ಕಣ್ಣಿಗೆ ಕಾಣುತ್ತದೆ. ಬೆಳವಣಿಗೆ ಟಾನಿಕ್ ಎಂದು ಮಾರುವ ಬಾಟಲಿಗೆ ದುಡ್ಡು ಸುರಿಯಬೇಡಿ. ಡಿಸೆಂಬರ್, ಜನವರಿಯ ಚಳಿಗೆ ಪಂಗಾಸಿಯಸ್ ತಿನ್ನುವುದೇ ಕಡಿಮೆ. ಆಗ ಬಿಸಿಲೇರಿದ ಮೇಲೆ ಸ್ವಲ್ಪ ಹಾಕಿ, ಉಳಿದರೆ ಮರುದಿನ ನಿಲ್ಲಿಸಿ.