ಪಾಲಕ್ ತಿಂದ ಮೇಲೆ ಹಲ್ಲು ಯಾಕೆ ತರಿತರಿ?

ಪಾಲಕ್ ಪಲ್ಯ ತಿಂದ ಮೇಲೆ ನಾಲಿಗೆಯನ್ನು ಹಲ್ಲಿನ ಮೇಲೆ ಆಡಿಸಿ ನೋಡಿ. ನುಣುಪು ಹೋಗಿ ಸೀಮೆಸುಣ್ಣದ ಪುಡಿ ಅಂಟಿದ ಹಾಗಿರುತ್ತದೆ. ಸೊಪ್ಪು ಸರಿಯಾಗಿ ತೊಳೆದಿಲ್ಲ, ಮಣ್ಣು ಉಳಿದಿದೆ ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಒಂದು ಸಲ ನೀರು ತಿಳಿಯಾಗುವ ತನಕ ತೊಳೆದು ಮಾಡಿದೆ. ಆಗಲೂ ತರಿತರಿಯೇ. ಮಣ್ಣಿನ ಮಾತು ಅಲ್ಲಿಗೆ ಮುಗಿಯಿತು.

ಕಾರಣ ಎಲೆಯ ಒಳಗೇ ಇದೆ, ಆಕ್ಸಾಲಿಕ್ ಆಮ್ಲ. 100 ಗ್ರಾಂ ಹಸಿ ಪಾಲಕಿನಲ್ಲಿ ಹೆಚ್ಚುಕಡಿಮೆ 1 ಗ್ರಾಂ ಇರುತ್ತದೆ. ಹರಿವೆಯಲ್ಲೂ ಏನು ಕಡಿಮೆ ಇಲ್ಲ. ಅಗಿಯುವಾಗ ಅದು ಹೊರಗೆ ಬಂದು ಎಂಜಲಿನ ಕ್ಯಾಲ್ಸಿಯಂ ಜೊತೆ ಸೇರುತ್ತದೆ. ಆಗ ಹುಟ್ಟುವ ಕ್ಯಾಲ್ಸಿಯಂ ಆಕ್ಸಲೇಟಿನ ಸಣ್ಣ ಸಣ್ಣ ಹರಳು ನೀರಿನಲ್ಲಿ ಕರಗುವುದಿಲ್ಲ, ಹಲ್ಲಿಗೆ ಅಂಟಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗೇ ಹೋಗುತ್ತದೆ, ಹೆದರಬೇಕಾಗಿಲ್ಲ. ಮೆಂತ್ಯ ಸೊಪ್ಪಿನಲ್ಲಿ ಈ ಆಮ್ಲ ತುಂಬಾ ಕಡಿಮೆ. ಅದಕ್ಕೇ ಅದನ್ನು ತಿಂದರೆ ಹೀಗಾಗುವುದಿಲ್ಲ.

ಇಷ್ಟು ತಿಳಿದ ಮೇಲೆ ಕಾರವಾರದ ಭಾನುವಾರದ ಸಂತೆಯಿಂದ ತಂದ ಒಂದೇ ಕಟ್ಟನ್ನು ಪಾಲು ಮಾಡಿ ನೋಡಿದೆ. ಒಂದು ಪಾಲನ್ನು ಎಣ್ಣೆಯಲ್ಲಿ ಸುಮ್ನೆ ಬಾಡಿಸಿದೆ. ಹಲ್ಲು ಮೊದಲಿನ ಹಾಗೇ ತರಿತರಿ. ಇನ್ನೊಂದನ್ನು ಜಾಸ್ತಿ ನೀರಿನಲ್ಲಿ ಮುಚ್ಚಳ ತೆಗೆದಿಟ್ಟು ಕುದಿಸಿ, ಬಸಿದು, ಹಿಂಡಿ ಒಗ್ಗರಣೆ ಹಾಕಿದೆ. ವ್ಯತ್ಯಾಸ ಮೊದಲ ತುತ್ತಿಗೇ ಗೊತ್ತಾಯಿತು. ಪಾಲಕಿನ ಆಮ್ಲದಲ್ಲಿ ದೊಡ್ಡ ಪಾಲು ನೀರಿನಲ್ಲಿ ಕರಗುವಂಥದ್ದು, ಬಸಿದ ನೀರಿನ ಜೊತೆ ಹೋಗುತ್ತದೆ. ಹಬೆಯಲ್ಲಿ ಬೇಯಿಸಿದರೆ ಅಷ್ಟು ಹೋಗುವುದಿಲ್ಲ, ಕರಗಿ ಇಳಿಯಲು ನೀರೇ ಇಲ್ಲವಲ್ಲ.

ಉಳಿದ ಪಾಲು ತಂಬುಳಿಗೆ. ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿದೆ. ನೀರು ಬಸಿಯದಿದ್ದರೂ ಹಲ್ಲು ಬಹಳ ಮಟ್ಟಿಗೆ ನುಣುಪಾಗೇ ಇತ್ತು! ಮಜ್ಜಿಗೆಯ ಕ್ಯಾಲ್ಸಿಯಂ ಪಾತ್ರೆಯಲ್ಲೇ ಆ ಆಮ್ಲವನ್ನು ಹಿಡಿದುಕೊಳ್ಳುತ್ತದೆ, ಬಾಯಿಗೆ ಬರುವಷ್ಟರಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ತೆಂಗಿನ ಹಾಲಿನಿಂದ ಇದು ಆಗುವುದಿಲ್ಲ. ನೋಡಲು ಹಾಲೇ, ಆದರೆ ಕ್ಯಾಲ್ಸಿಯಂ ಅದರಲ್ಲಿ ಬಹಳ ಕಡಿಮೆ.

ಕೆಸುವಿನ ಕಥೆಯೇ ಬೇರೆ. ನನ್ನ ತವರು ಶಿರಸಿ ಕಡೆ. ಮಳೆಗಾಲ ಬಂತೆಂದರೆ ಅಲ್ಲಿ ಕೆಸುವಿನ ಕರಕಲಿ, ಪತ್ರೊಡೆ. ಕೆಸು ಹಲ್ಲಿಗಿಂತ ಗಂಟಲನ್ನು ಹಿಡಿಯುತ್ತದೆ. ಪಾಲಕಿನ ಹರಳು ನಮ್ಮ ಬಾಯಲ್ಲಿ ಹುಟ್ಟುವುದು. ಕೆಸುವಿನಲ್ಲಿ ಅದೇ ಹರಳು ಸೂಜಿಯ ಆಕಾರದಲ್ಲಿ ಎಲೆಯೊಳಗೇ ತಯಾರಾಗಿ ಕೂತಿರುತ್ತದೆ, ಚುಚ್ಚುತ್ತದೆ. ಸೂಜಿ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಪಾಲಕಿನ ಉಪಾಯ ಇಲ್ಲಿ ಸಾಲದು. ಅಮ್ಮ ಕರಕಲಿಗೆ ಹುಳಿ ಧಾರಾಳವಾಗಿ ಹಾಕಿ, ಎಲೆ ಕರಗಿ ಮುದ್ದೆಯಾಗುವ ತನಕ ಬೇಯಿಸುತ್ತಾರೆ. ವಾಟೆಹುಳಿ ಸಿಕ್ಕರೆ ವಾಟೆಹುಳಿ, ಇಲ್ಲವಾದರೆ ಹುಣಸೆ. ಕೊನೆಗೆ ಬೆಲ್ಲ, ಬೆಳ್ಳುಳ್ಳಿ ಒಗ್ಗರಣೆ. ನಾನೂ ಹಾಗೇ ಮಾಡುತ್ತೇನೆ. ಅವಸರದಲ್ಲಿ ಇಳಿಸಿದ ಕರಕಲಿಯನ್ನು ಯಾರ ಮನೆಯಲ್ಲೂ ಬಾಯಿಗೆ ಇಡಬೇಡಿ.

ಹಾಗಂತ ಪಾಲಕನ್ನು ಯಾವಾಗಲೂ ಬಸಿಯಬೇಕು ಅಂತ ನನಗೆ ಅನಿಸುವುದಿಲ್ಲ. ಆ ನೀರಿನ ಜೊತೆ ಸಿ ವಿಟಮಿನ್, ಫೋಲೇಟ್ ಕೂಡ ಹೋಗುತ್ತವೆ. ಮಕ್ಕಳಿಗೆ ತಂಬುಳಿಯೇ ಒಳ್ಳೆಯದು. ಕಿಡ್ನಿ ಕಲ್ಲು ಆದವರ ವಿಷಯ ಮಾತ್ರ ಬೇರೆ. ಆ ಕಲ್ಲುಗಳಲ್ಲಿ ಹೆಚ್ಚಿನವು ಇದೇ ಕ್ಯಾಲ್ಸಿಯಂ ಆಕ್ಸಲೇಟಿನವು. ಪಾಲಕ್ ಎಷ್ಟು ತಿನ್ನಬಹುದು ಅಂತ ಅವರು ಡಾಕ್ಟರನ್ನು ಕೇಳಲೇಬೇಕು. ನಮ್ಮ ಮಾವನವರಿಗೆ ಆ ತೊಂದರೆ ಇದೆ. ಅಪರೂಪಕ್ಕೆ ಮಾಡಿದರೂ ಅವರ ಪಾಲಿನದನ್ನು ಕುದಿಸಿ, ಹಿಂಡಿಯೇ ಬಡಿಸುತ್ತೇನೆ. ಹಸಿರು ನೀರು ಚೆಲ್ಲಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಅದನ್ನೇ ಸಾರಿಗೆ ಹಾಕಿದರೆ ಬಸಿದು ಏನು ಬಂತು, ಅಲ್ವಾ?