ಬೆಲ್ಲ ಅರವತ್ತು ಗ್ರಾಮಿನಿಂದ ಹತ್ತಕ್ಕೆ: ಸೇರದ ತರಕಾರಿ ಸೇರಿದ ಬಗೆ

ಹಾಗಲದಂಥ ಸೇರದ ತರಕಾರಿಯನ್ನು ನಾಲಿಗೆಗೆ ಒಗ್ಗಿಸುತ್ತೇನೆ ಅಂದಾಗ "ನಾಲಿಗೆ ಹುಟ್ಟಿನಿಂದ ಬಂದದ್ದು, ಅದನ್ನ ತಿದ್ದೋಕಾಗಲ್ಲ" ಅಂದವರೇ ಹೆಚ್ಚು. ಈಗ ಕಾಲು ಕೆಜಿ ಹಾಗಲಕಾಯಿಗೆ ಬರೀ 10 ಗ್ರಾಂ ಬೆಲ್ಲ ಹಾಕಿದ ಗೊಜ್ಜು ವಾರಕ್ಕೆರಡು ಸಲ ಆಗುತ್ತದೆ, ಬಟ್ಟಲು ಬಳಿದು ಖಾಲಿಯಾಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಒಗ್ಗರಣೆ ಹಾಕುವುದು, ಹುಣಸೆ ಕಿವುಚುವುದು ಗೊತ್ತಿರುವವರಿಗೆ ಇದು. ಅಳತೆಗಳು ನೆನಪಿನಿಂದ ಹೇಳುವುದು, ಐದು ಹತ್ತು ಗ್ರಾಂ ಆಚೀಚೆ ಇರಬಹುದು.

ಹುಟ್ಟಿನ ನಾಲಿಗೆಯ ಮಾತು ಪೂರ್ತಿ ಸುಳ್ಳಲ್ಲ. 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಪಿಟಿಸಿ ಎಂಬ ಪುಡಿ ಗಾಳಿಗೆ ಹಾರಿದಾಗ ಪಕ್ಕದವನಿಗೆ ಬಾಯೆಲ್ಲ ಕಹಿ, ಫಾಕ್ಸ್‌ಗೆ ಏನೂ ಇಲ್ಲ. ಹುಟ್ಟಿನಿಂದಲೇ ಕೆಲವರಿಗೆ ಕಹಿ ಹೆಚ್ಚೇ ತಾಗುತ್ತದೆ. ಆದರೆ ಅಂಥವರೂ ಬೆಳಗ್ಗೆ ಎದ್ದು ಫಿಲ್ಟರ್ ಕಾಫಿ ಕುಡಿಯುತ್ತಾರಲ್ಲ? ಡಿಕಾಕ್ಷನ್‌ಗಿಂತ ಕಹಿ ಇನ್ನೇನಿದೆ? ಮೊದಲು ಮುಕ್ಕಾಲು ಲೋಟ ಹಾಲು, ಎರಡು ಚಮಚ ಸಕ್ಕರೆ. ಆಮೇಲೆ ಒಂದೂವರೆ, ಒಂದು, ಅರ್ಧ. ಕೊನೆಗೆ "ಸ್ಟ್ರಾಂಗ್ ಇರಲಿ, ಸಕ್ಕರೆ ಕಮ್ಮಿ" ಅನ್ನುವವರೂ ಇವರೇ. ತರಕಾರಿಗೂ ನಾನು ಮಾಡಿದ್ದು ಅಷ್ಟೇ, ಗ್ರಾಂ ಲೆಕ್ಕದಲ್ಲಿ.

ಮೊದಲು ಸೋತದ್ದು ಬಚ್ಚಿಡುವ ವಿಧಾನದಲ್ಲಿ. ತುರಿದು ಚಪಾತಿ ಹಿಟ್ಟಿಗೆ, ರುಬ್ಬಿ ಸಾರಿಗೆ, ದೋಸೆಗೆ. ಸೋರೆಕಾಯಿ ತುರಿ ನೀರು ಬಿಟ್ಟು ಹಿಟ್ಟು ಅಂಟಾಗುತ್ತದೆ, ಅದಕ್ಕೆ ಇನ್ನಷ್ಟು ಹಿಟ್ಟು ಸುರಿಯಬೇಕು, ಕೊನೆಗೆ ನಾಲ್ಕು ಚಪಾತಿ ಜಾಗದಲ್ಲಿ ಏಳು. ನಾಲಿಗೆಗೆ ಗೊತ್ತಾಗಿದ್ದು ಚಪಾತಿ ಮಾತ್ರ. ಎರಡು ತಿಂಗಳಾದ ಮೇಲೂ ತಟ್ಟೆಯಲ್ಲಿ ಸೋರೆಕಾಯಿ ಹೋಳು ಕಂಡರೆ ಮುಖ ಅದೇ ಹಳೇ ಮುಖ. ಎರಡನೇ ಸೋಲು ಎಲ್ಲದಕ್ಕೂ ಒಂದೇ ಮಸಾಲೆ. ಗರಂ ಮಸಾಲೆ, ಈರುಳ್ಳಿ, ಟೊಮೆಟೊ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಅನ್ನುವ ಲೆಕ್ಕ. ಸರಿಹೋಗಲಿಲ್ಲ, ಯಾಕೆಂದರೆ ಒಂದೊಂದು ತರಕಾರಿಯ ಜಗಳ ಬೇರೆ. ಹಾಗಲದ್ದು ಕಹಿ, ಬೆಂಡೆಯದ್ದು ಲೋಳೆ, ಕೋಸಿನದ್ದು ನಾತ, ಬದನೆಯದ್ದು ಒಗರು ಮತ್ತು ಜಾರುವ ತಿರುಳು, ಸೋರೆ ಸೀಮೆಬದನೆಗಳದ್ದು ಸಪ್ಪೆ. ಯಾವುದು ಕಾಟ ಕೊಡುತ್ತಿದೆ ಅಂತ ಮೊದಲು ಗುರುತಿಸಿಕೊಂಡು, ಒಲೆಗೆ ಇಡುವ ಮೊದಲೇ ಅದಕ್ಕೆ ಮದ್ದು ಮಾಡಬೇಕು.

ಎಲ್ಲರೂ ಸುಲಭದ ಕ್ಯಾರೆಟ್ಟಿನಿಂದ ಶುರುಮಾಡು ಅಂದರು. ನಾನು ಹಾಗಲದಿಂದಲೇ ಶುರುಮಾಡಿದ್ದು. ಅದು ಒಗ್ಗಿದರೆ ಮಿಕ್ಕದ್ದೆಲ್ಲ ಸಣ್ಣದು ಅನ್ನಿಸುತ್ತದೆ, ಮತ್ತೆ ಹಾಗೇ ಆಯಿತು.

ಕಾಯಿ ಆರಿಸುವುದು: ಚಿಕ್ಕ, ಕಡುಹಸಿರು, ಮುಳ್ಳು ಚೂಪಾದ ಮಿಡಿಹಾಗಲ ಮೊದಲ ತಿಂಗಳು ಬೇಡ. ಉದ್ದನೆಯ, ತಿಳಿಹಸಿರು, ಉಬ್ಬು ದಪ್ಪನಾಗಿ ಮೊಂಡಾಗಿರುವುದು ಸಾಧು. ಹಳದಿಗೆ ತಿರುಗಿದ್ದು ಮೆತ್ತಗಾಗುತ್ತದೆ, ಗೊಜ್ಜಿಗೆ ಬರುವುದಿಲ್ಲ. 250 ಗ್ರಾಂ ಕಾಯಿಯ ಎರಡು ತುದಿ, ಬೀಜ, ಒಳಗಿನ ಬಿಳಿ ಸ್ಪಂಜು ತೆಗೆದರೆ 200 ಗ್ರಾಂ ಉಳಿಯುತ್ತದೆ. ಮೇಲಿನ ಉಬ್ಬನ್ನು ಚಾಕುವಿನ ಬೆನ್ನಿನಿಂದ ಸ್ವಲ್ಪ ಕೆರೆಯಬಹುದು, ಪೂರ್ತಿ ಸಿಪ್ಪೆ ಸುಲಿಯಬೇಡಿ. ಸುಲಿದರೆ ಹೋಳು ಕರಗಿ ಪಾಯಸವಾಗುತ್ತದೆ.

ಅರ್ಧ ಬೆರಳು ದಪ್ಪದ ಹೋಳು, ಒಂದೂವರೆ ಟೀ ಚಮಚ ಕಲ್ಲುಪ್ಪು, ಕಾಲು ಚಮಚ ಅರಿಶಿನ. ಕಲಸಿ 35 ನಿಮಿಷ. ಹತ್ತು ನಿಮಿಷಕ್ಕೇ ಹಿಂಡಿದಾಗ ಕಹಿ ಅಲ್ಲೇ ಇತ್ತು, ರಾತ್ರಿಯಿಡೀ ಬಿಟ್ಟಾಗ ಹೋಳು ರಬ್ಬರಾಯಿತು, ತೊಳೆದರೂ ಉಪ್ಪು ಹೋಗಲಿಲ್ಲ. 35ರಲ್ಲಿ ನಲವತ್ತು ಐವತ್ತು ಗ್ರಾಂ ಹಸಿರು ನೀರು ಬರುತ್ತದೆ. ಕಹಿಯ ಒಂದು ಪಾಲು ಅದರಲ್ಲಿ ಹೊರಗೆ ಹೋಯಿತು. ಹಿಂಡುವುದು ಗಟ್ಟಿಯಾಗಿ, ಪಂಚೆ ಬಟ್ಟೆಯಲ್ಲಿ ಸುತ್ತಿ. ಒಂದು ಸಲ ತಣ್ಣೀರಲ್ಲಿ ಅದ್ದಿ ಮತ್ತೆ ಹಿಂಡಿ. ಗೊಜ್ಜಿಗೆ ಆಮೇಲೆ ಉಪ್ಪು ಹಾಕುವಾಗ ಮಾಮೂಲಿನ ಅರ್ಧ ಸಾಕು. ಇದನ್ನು ಮರೆತು ಎರಡು ಸಲ ಚೆಲ್ಲಿದ್ದಾಗಿದೆ. ಹಾಗಂತ ಉಪ್ಪು ತೀರಾ ಕಮ್ಮಿಯಾದರೂ ಕಹಿ ಎದ್ದು ಕೂರುತ್ತದೆ, ಕಹಿಯನ್ನು ಅಡಗಿಸುವುದರಲ್ಲಿ ಉಪ್ಪಿನ ಕೈ ದೊಡ್ಡದು. ಬೆಲ್ಲ ಹೆಚ್ಚಿಸುವ ಮೊದಲು ಒಂದು ಚಿಟಿಕೆ ಉಪ್ಪು ಹಾಕಿ ನೋಡಿ.

ಕಬ್ಬಿಣದ ಬಾಣಲೆ, ಮೂರು ದೊಡ್ಡ ಚಮಚ ಎಣ್ಣೆ, ಮಧ್ಯಮ ಉರಿ, ಮುಚ್ಚಳ ಇಲ್ಲ, 12 ನಿಮಿಷ. ಅಂಚು ಕಂದು ಬರಬೇಕು. ಇಲ್ಲಿಯೇ ನಾನು ಅತಿ ಹೆಚ್ಚು ಸಲ ಕೆಟ್ಟದ್ದು: ಹುಣಸೆ ರಸ ಮೊದಲೇ ಸುರಿದುಬಿಡುವುದು. ಹುಳಿ ಬಿದ್ದಮೇಲೆ ಯಾವ ಹೋಳೂ ಬೇಗ ಮೆತ್ತಗಾಗುವುದಿಲ್ಲ, ಇನ್ನರ್ಧ ಗಂಟೆ ಕುದಿಸಿದರೂ ಹಲ್ಲಿಗೆ ಗಟ್ಟಿ. ಹೋಳು ಎರಡು ಬೆರಳಲ್ಲಿ ಒತ್ತಿದರೆ ಬಗ್ಗಬೇಕು, ಆಮೇಲೆ ಹುಣಸೆ. ಹುಣಸೆ 25 ಗ್ರಾಂ, ಒಂದೂವರೆ ಲೋಟ ನೀರಲ್ಲಿ ಕಿವುಚಿದ್ದು. ಐದು ನಿಮಿಷ ಕುದ್ದಮೇಲೆ ಬೆಲ್ಲ, ಕೊನೆಗೆ ಪುಡಿ.

ಪುಡಿಗೆ ಕಡಲೆಬೇಳೆ, ಉದ್ದಿನಬೇಳೆ, ಬಿಳಿ ಎಳ್ಳು ಒಂದೊಂದು ದೊಡ್ಡ ಚಮಚ, ಕೊಬ್ಬರಿ ತುರಿ ಎರಡು, ಬ್ಯಾಡಗಿ ಆರು, ಖಾರಕ್ಕೆ ಗುಂಟೂರು ಎರಡು. ಮೆಂತ್ಯ ಹತ್ತು ಹನ್ನೆರಡು ಕಾಳು, ಅದಕ್ಕಿಂತ ಹೆಚ್ಚಾದರೆ ಕಹಿ ತೆಗೆದು ಕಹಿ ಹಾಕಿದಂತೆ. ಮೆಂತ್ಯ ಸೀದರೆ ಇಡೀ ಪುಡಿ ಚೆಲ್ಲಿ, ಉಳಿಸಿಕೊಳ್ಳುವ ಜಿಪುಣತನ ಬೇಡ. ಪುಡಿಯಲ್ಲಿ ಇನ್ನೊಂದು ಸಾಮಾನು ಇದೆ, ಎಲ್ಲರ ಅಡುಗೆಮನೆಯಲ್ಲೂ ಇರುವಂಥದ್ದೇ. ಅದನ್ನು ಹೇಳುವುದಿಲ್ಲ. ಕೊಬ್ಬರಿ ಎಳ್ಳಿನ ಎಣ್ಣೆಯಂಶ ಕಹಿಯನ್ನು ಬಹಳಷ್ಟು ಮಟ್ಟಸ ಮಾಡುತ್ತದೆ ಎಂಬಷ್ಟು ಸುಳಿವು ಸಾಕು.

ಬೆಲ್ಲದ ಮೆಟ್ಟಿಲು ಹೀಗೆ: ಮೊದಲ ಎರಡು ವಾರ 60 ಗ್ರಾಂ, ಆಮೇಲೆ ಎರಡೆರಡು ವಾರಕ್ಕೆ 45, 30, 20, 10. ವಾರಕ್ಕೆ ಎರಡೇ ಸಲ. ದಿನಾ ಮಾಡಿ ನೋಡಿದೆ, ನಾಲ್ಕನೇ ದಿನಕ್ಕೆ ವಾಕರಿಕೆ. 45ರಿಂದ ನೇರ 20ಕ್ಕೆ ಇಳಿದಾಗಲೂ ಕೈಕೊಟ್ಟಿತು, ಮತ್ತೆ 60ಕ್ಕೆ ಹತ್ತಬೇಕಾಯಿತು, ಮೂರು ವಾರ ನಷ್ಟ. ಹುಣಸೆಯನ್ನು ಮಾತ್ರ ಇಳಿಸಬೇಡಿ. ಬೆಲ್ಲವೊಂದನ್ನೇ ನಂಬಿ ಹುಳಿ ಕಮ್ಮಿ ಮಾಡಿದರೆ ಹಾಗಲಕಾಯಿ ಹಲ್ವ ಆಗುತ್ತದೆ, ಸಿಹಿಯ ಕೆಳಗೆ ಕಹಿ ಹಾಗೇ ಮಲಗಿರುತ್ತದೆ. ಬಡಿಸುವ ಪ್ರಮಾಣ ಮೊದಲು ಒಂದು ದೊಡ್ಡ ಚಮಚ. ಬಿಸಿ ಅನ್ನ, ಒಂದು ಮಿಳ್ಳೆ ತುಪ್ಪ, ಹಸಿದಿರುವಾಗ, ಊಟದ ಮೊದಲ ತುತ್ತಿಗೇ. ಮೊಸರನ್ನದ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ, ಆಗ ಯಾವ ಹೊಸ ರುಚಿಯೂ ಒಳಗೆ ಬರುವುದಿಲ್ಲ. ಗೊಜ್ಜು ಮಾಡಿದ ದಿನಕ್ಕಿಂತ ಮಾರನೇ ದಿನ ಚೆನ್ನ, ಹುಳಿ ಬೆಲ್ಲ ಹೋಳಿನ ಒಳಗೆ ಇಳಿದಿರುತ್ತದೆ.

ನಡುವೆ ಮಾಡಿದ ಬೇರೆ ಪ್ರಯೋಗ ಕೆಲವು. ಹಿಂಡಿದ ಹೋಳನ್ನು ಹುಳಿಮಜ್ಜಿಗೆಯಲ್ಲಿ ಒಂದು ಗಂಟೆ ನೆನೆಸಿ ಹುರಿದರೆ ಕಹಿ ಇನ್ನೂ ಇಳಿಯುತ್ತದೆ, ಆದರೆ ಬಾಣಲೆಗೆ ಅಂಟಿ ಸೀಯುತ್ತದೆ. ಅದೇ ಮಜ್ಜಿಗೆ ಹೋಳನ್ನು ಏಪ್ರಿಲ್ ಬಿಸಿಲಲ್ಲಿ ನಾಲ್ಕು ದಿನ ಒಣಗಿಸಿ ಬಾಳಕ ಮಾಡಿದರೆ ಬಹಳ ಚೆನ್ನ. ಕರಿದು ತಿಂದರೆ ಹಾಗಲ ಸೇರದವರೂ ಕೈ ಹಾಕುತ್ತಾರೆ. ಒಂದು ಕೆಜಿ ಒಣಗಿದರೆ ನೂರು ಗ್ರಾಮಿನ ಆಸುಪಾಸು, ಅದೇ ದುಃಖ. ಜುಲೈಯಲ್ಲಿ ಫ್ಯಾನ್ ಕೆಳಗೆ ಒಣಗಿಸಲು ಹೋಗಿ ಒಂದೂವರೆ ಕೆಜಿ ಬೂಷ್ಟು ಹಿಡಿಯಿತು. ಎಳೇ ಬೀಜವನ್ನು ಕಡಲೆಹಿಟ್ಟಲ್ಲಿ ಹೊರಳಿಸಿ ಕರಿದದ್ದೂ ಉಂಟು, ಪರವಾಗಿಲ್ಲ. ಹಸಿ ಹಾಗಲದ ಜ್ಯೂಸ್ ಮಾತ್ರ ಈ ದಾರಿಯಲ್ಲ. ಮೂಗು ಹಿಡಿದು ನುಂಗಿದ್ದರಿಂದ ರುಚಿ ಕಲಿಯುವುದಿಲ್ಲ, ದ್ವೇಷ ಗಟ್ಟಿಯಾಗುತ್ತದೆ.

ಖರ್ಚಿನ ಮಾತು. ಚೆಲ್ಲಿದ ತರಕಾರಿ, ಬೆಲ್ಲ, ಎಣ್ಣೆ ಎಲ್ಲ ಸೇರಿ ಆರು ತಿಂಗಳಲ್ಲಿ ಸಾವಿರದ ಇನ್ನೂರೋ ಮುನ್ನೂರೋ ಹೋಗಿರಬೇಕು. ಅದಕ್ಕಿಂತ ದೊಡ್ಡ ದಂಡ ಏರ್ ಫ್ರೈಯರ್, ನಾಲ್ಕೂವರೆ ಸಾವಿರ. ಎಣ್ಣೆ ಕಮ್ಮಿ ಅಂತ ತಂದದ್ದು, ಬೆಂಡೆ ಒಣಗಿ ಹುಲ್ಲಾಯಿತು, ಹಾಗಲ ಹೊರಗೆ ಸೀದು ಒಳಗೆ ಹಸಿ. ಈಗ ಅದರ ಮೇಲೆ ಬ್ರೆಡ್ ಡಬ್ಬ ಕೂತಿದೆ. ಸಂತೆಯಲ್ಲಿ ತಂದ ಆರುನೂರರ ಕಬ್ಬಿಣದ ಬಾಣಲೆ ಮಾಡಿದ ಕೆಲಸ ಅದು ಮಾಡಲಿಲ್ಲ.

ಬೆಂಡೆಗೆ ಆ ಬಾಣಲೆಯೇ ಬೇಕು. ಲೋಳೆ ನೀರು ಸಿಕ್ಕಿದರೆ ಬೆಳೆಯುತ್ತದೆ. ಆದ್ದರಿಂದ ಇಡೀ ಕಾಯಿ ತೊಳೆದು, ಒರೆಸಿ, ಫ್ಯಾನ್ ಕೆಳಗೆ ಒಂದು ಗಂಟೆ ಹರಡಿ, ಆಮೇಲೆ ಹೆಚ್ಚಿ. ನಡುನಡುವೆ ಚಾಕು ಒಣಬಟ್ಟೆಯಲ್ಲಿ ಒರೆಸುತ್ತಿರಿ. ಹತ್ತು ಇಂಚಿನ ಬಾಣಲೆಗೆ ಕಾಲು ಕೆಜಿ, ಅದಕ್ಕಿಂತ ಒಂದು ಹಿಡಿಯೂ ಜಾಸ್ತಿ ಬೇಡ. ಅರ್ಧ ಕೆಜಿ ಒಮ್ಮೆಗೇ ತುಂಬಿದಾಗ ತನ್ನ ಹಬೆಯಲ್ಲಿ ತಾನೇ ಬೆಂದು ಎಳೆಎಳೆಯಾಯಿತು. ಮುಚ್ಚಳ ಇಲ್ಲ, ಉಪ್ಪು ಕೊನೆಗೆ, ಎರಡು ನಿಮಿಷಕ್ಕೊಮ್ಮೆ ಮಾತ್ರ ಕೈಯಾಡಿಸುವುದು. ಎಂಟನೇ ನಿಮಿಷಕ್ಕೆ ಒಂದು ಚಮಚ ಗಟ್ಟಿ ಹುಣಸೆ ರಸ ಅಥವಾ ಹುಳಿಮೊಸರು ಹಾಕಿದರೆ ಉಳಿದ ಎಳೆಯೂ ಮುರಿಯುತ್ತದೆ. ಮಜ್ಜಿಗೆಹುಳಿಗೆ ಹಾಕುವುದಾದರೂ ಹೀಗೆ ಹುರಿದೇ ಹಾಕಬೇಕು. ತುದಿ ಪಟ್ಟಂತ ಮುರಿಯದ ಬೆಂಡೆಗೆ ಈ ಶ್ರಮವೆಲ್ಲ ದಂಡ.

ಬದನೆಯಲ್ಲಿ ಜನ ಎಡವುವುದು ಅರೆಬೆಂದಾಗಲೇ ಇಳಿಸುವುದರಿಂದ. ಅರೆಬೆಂದ ಬದನೆ ಒಗರು, ಜಾರು, ಕೆಲವರಿಗೆ ನಾಲಿಗೆ ಕಡಿತ. ಪೂರ್ತಿ ಬೇಯಿಸಿ, ಇಲ್ಲವೇ ಸುಡಿ. ಎಣ್ಣೆಗಾಯಿಗೆ ಎಣ್ಣೆ ಹೀರಿಬಿಡುತ್ತದೆ ಎಂಬ ದೂರಿಗೆ ನಾನು ಕಂಡುಕೊಂಡ ಉಪಾಯ ಇಡ್ಲಿ ಪಾತ್ರೆ. ನಾಲ್ಕು ಸೀಳು ಮಾಡಿ ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟ ಕಾಯಿಯನ್ನು ಹಬೆಯಲ್ಲಿ ಐದಾರು ನಿಮಿಷ ಬೇಯಿಸಿದರೆ ಒಳಗಿನ ಸ್ಪಂಜು ಕುಸಿಯುತ್ತದೆ. ಆಮೇಲೆ ಶೇಂಗಾ, ಗುರೆಳ್ಳು, ಒಣಕೊಬ್ಬರಿ ಮಸಾಲೆ ತುಂಬಿ ಹುರಿದರೆ ಆರು ಚಮಚ ಎಣ್ಣೆ ಕುಡಿಯುತ್ತಿದ್ದ ಕಾಯಿ ಎರಡೂವರೆಗೆ ತೃಪ್ತಿ. ಉತ್ತರ ಕರ್ನಾಟಕದವರು ಇದನ್ನು ಎಣ್ಣೆಗಾಯಿ ಅಂತ ಒಪ್ಪದಿರಬಹುದು, ಒಪ್ಪದಿರಲಿ. ಉಡುಪಿಯ ಮಟ್ಟುಗುಳ್ಳ ಬದನೆ, 2011ರಲ್ಲಿ ಜಿ.ಐ. ಟ್ಯಾಗ್ (ಆ ಊರಿನದೇ ಬೆಳೆ ಎಂಬ ಗುರುತು) ಸಿಕ್ಕಿದ್ದು, ದೊರೆತರೆ ಅದರಿಂದಲೇ ಶುರುಮಾಡಿ. ಬೆಲೆ ಹೆಚ್ಚು, ಆದರೆ ಮೊದಲ ನಾಲ್ಕು ಸಲಕ್ಕೆ ದುಬಾರಿ ಕಾಯಿ ತಂದರೆ ತಪ್ಪಿಲ್ಲ.

ಕೋಸಿಗೆ ಮದ್ದು ಗಡಿಯಾರ. ಕುಕ್ಕರಿನಲ್ಲಿ ಮೂರು ವಿಷಲ್ ಹಾಕಿಸಿದರೆ ಗಂಧಕದ ನಾತ ಮನೆಯೆಲ್ಲ ಹರಡುತ್ತದೆ, ಬೇಯಿಸಿದಷ್ಟೂ ಅದು ಜಾಸ್ತಿ. ನೂಲಿನಂತೆ ಹೆಚ್ಚಿ, ಜೋರು ಉರಿ, ತೆರೆದ ಬಾಣಲೆ, ಆರು ನಿಮಿಷ, ಇಳಿಸಿದ ಮೇಲೆ ತೆಂಗಿನ ತುರಿ, ನಿಂಬೆ. ಮೂಲಂಗಿ ತುರಿದು ಉಪ್ಪಲ್ಲಿ ಹತ್ತು ನಿಮಿಷ ಇಟ್ಟು ಹಿಂಡಿ ಮೊಸರಿಗೆ ಹಾಕಿದರೆ ಘಾಟು ಅರ್ಧಕ್ಕಿಳಿಯುತ್ತದೆ, ಜೋಳದ ರೊಟ್ಟಿ ಶೇಂಗಾ ಹಿಂಡಿಯ ಜೊತೆ ಪೂರ್ತಿ ಮರೆಯಾಗುತ್ತದೆ. ಇವೆರಡಕ್ಕೆ ಮೆಟ್ಟಿಲು ಬೇಕಾಗಲಿಲ್ಲ, ಐದಾರು ಸಲಕ್ಕೆ ಸೇರಿದವು.

ಕಹಿ ರೂಢಿಯಾದ ನಾಲಿಗೆಗೆ ಒಂದು ಎಚ್ಚರಿಕೆ. ಸೋರೆಕಾಯಿ ಕಹಿ ಇರಬಾರದು. ಹೆಚ್ಚುವಾಗ ಒಂದು ಚೂರು ನಾಲಿಗೆಗೆ ತಾಗಿಸಿ ನೋಡಿ, ಕಹಿ ಇದ್ದರೆ ಉಗಿದು ಇಡೀ ಕಾಯಿ ಎಸೆಯಿರಿ. ಅದು ಹಾಗಲದ ಕಹಿಯಲ್ಲ, ವಿಷ. ವಾಂತಿ ಭೇದಿಯಾಗಿ ಆಸ್ಪತ್ರೆ ಸೇರುವಂತಾಗುತ್ತದೆ. ಉಪ್ಪು ಹಾಕಿ ಹಿಂಡಿದರೂ, ಬೇಯಿಸಿದರೂ ಹೋಗುವುದಿಲ್ಲ. ಸೌತೆಕಾಯಿಗೂ ಇದೇ ಮಾತು.

ಇನ್ನೂ ಸೋಲುತ್ತಿರುವುದು ಪಡವಲಕಾಯಿಯ ಮುಂದೆ. ಕಹಿಯಲ್ಲ, ಲೋಳೆಯಲ್ಲ, ಸಪ್ಪೆಯೂ ಅಲ್ಲ, ಅದರ ವಾಸನೆಯೇ ಜಗಳ. ಉಪ್ಪು ಹಾಕಿ ಹಿಂಡಿದ್ದಾಯಿತು, ಕಡಲೆಬೇಳೆ ಜೊತೆ ಪಲ್ಯ, ಬಿಲ್ಲೆ ಮಾಡಿ ಬಜ್ಜಿ, ಎಲ್ಲ ಆಯಿತು. ಬಜ್ಜಿ ತಿನ್ನಬಹುದು, ಆದರೆ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದರೆ ಚಪ್ಪಲಿಯೂ ತಿನ್ನಬಹುದು, ಲೆಕ್ಕಕ್ಕಿಲ್ಲ. ಸದ್ಯ ಒಣಬಾಣಲೆಯಲ್ಲಿ ಎಣ್ಣೆಯಿಲ್ಲದೆ ನಾಲ್ಕು ನಿಮಿಷ ಬಾಡಿಸಿ, ಆಮೇಲೆ ಇಂಗು ಜಾಸ್ತಿ ಹಾಕಿದ ಒಗ್ಗರಣೆ ಕೊಟ್ಟು ನೋಡುತ್ತಿದ್ದೇನೆ. ಏಳು ಸಲ ಆಗಿದೆ. ಐದನೆಯದ್ದು ತಟ್ಟೆಯಲ್ಲಿ ಅರ್ಧ ಉಳಿಯಿತು, ಏಳನೆಯದ್ದು ಕಾಲು ಭಾಗ.